ಮುಂದಿನ ಸಾಲಿನ ಕಾರು

ಫೆಬ್ರವರಿ 3

ಚೂಟಿ,

ಕಾಗದ ಅಂದಮೇಲೆ ಮೊದಲು ಕುಶಲ ಬರೆಯಬೇಕು. ಕಿವಿಯೊಂದನ್ನು ಬಿಟ್ಟರೆ ನನ್ನದು ಉಳಿದದ್ದೆಲ್ಲ ನೆಟ್ಟಗಿದೆ. ಜೀವನಪೂರ್ತಿ ಕಾರಿನ ತಗಡು ತಟ್ಟಿದವನ ಕಿವಿ ಇಷ್ಟು ದಿನ ಬಾಳಿದ್ದೇ ಹೆಚ್ಚು. ಎಡಗಿವಿಯ ಹತ್ತಿರ ಬಂದು ಕೂಗಿದರೆ ಅಷ್ಟಿಷ್ಟು ಕೇಳಿಸುತ್ತದೆ, ಉಳಿದದ್ದನ್ನು ತುಟಿ ನೋಡಿ ಊಹಿಸುತ್ತೇನೆ. ನೀನು ಕೊಡಿಸಿದ ಫೋನು ಬೀರುವಿನಲ್ಲಿ ಸುಖವಾಗಿ ಮಲಗಿದೆ. ಅದರಲ್ಲಿ ಬರುವ ಮಾತು ನನಗೆ ಕೇಳಿಸುವುದಿಲ್ಲ, ಅಷ್ಟು ಸಣ್ಣ ಅಕ್ಷರ ಕಾಣಿಸುವುದಿಲ್ಲ. ಕಾಗದವೇ ವಾಸಿ. ಇನ್ನುಮುಂದೆ ದಪ್ಪಕ್ಷರದಲ್ಲಿ ಬರೆ, ನಿನ್ನ ಕೋಳಿಕಾಲು ಬರಹ ಆಫೀಸಿನವರಿಗಿರಲಿ.

ನಿನ್ನ ಪ್ರಶ್ನೆ ಓದಿ ನಗು ಬಂತು. ಹಳೆಯ ಕಾರು ಮಾರುವ ಶೋರೂಮ್‌ಗಳು ಕಾರನ್ನು ಹೇಗೆ ಸಿದ್ಧಮಾಡುತ್ತವೆ ಅಂತ ನೋಡಿ ಅಂಕ ಕೊಡುವ ಸಂಸ್ಥೆ ನಿಮ್ಮದು. ಅಲ್ಲಿ ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವಳು, ಅಂಥದೇ ಒಂದು ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪನನ್ನು ಕೇಳುತ್ತೀಯಲ್ಲ! ಪರೀಕ್ಷೆ ಮಾಡುವ ಟೀಚರೇ ಬಂದು ಕಾಪಿ ಚೀಟಿ ಕೇಳಿದ ಹಾಗಾಯಿತು.

ಇರಲಿ, ಹೇಳುತ್ತೇನೆ. ಬಂದ ದಿನ ಅದು ಕಾರಲ್ಲ, ಯಾರದೋ ಮನೆ. ಸೀಟಿನ ಸಂದಿಯಲ್ಲಿ ಬಾಚಣಿಗೆ, ಬಿಸ್ಕತ್ತಿನ ಪುಡಿ, ಸಿಗರೇಟಿನ ವಾಸನೆ, ಯಾವುದೋ ಮಗು ಕಕ್ಕಿದ ಹಾಲು. ಸೀಟು ತೊಳೆಯುವ ಹೆಂಗಸು ಅದನ್ನೆಲ್ಲ ಉಜ್ಜಿ ತೆಗೆಯುತ್ತಾಳೆ. ಹಿಂದೆ ಅದರಲ್ಲಿ ಯಾರೂ ಕೂತೇ ಇಲ್ಲ ಅನ್ನಿಸಬೇಕು. ಆಮೇಲೆ ನನ್ನ ಸರದಿ. ತಗ್ಗು ಎತ್ತುವುದು, ಎತ್ತಲಾಗದ್ದಕ್ಕೆ ಪುಟ್ಟಿ ಮೆತ್ತುವುದು, ಬಣ್ಣ, ಪಾಲಿಶ್. ಟೈರಿಗೆ ಕಪ್ಪು ಬಳಿದು ಎಂಜಿನ್ನಿಗೆ ಹೊಳಪು ಒರೆಸಿದರೆ ಮುಗಿಯಿತು. ಕಾರು ಮುಂದಿನ ಸಾಲಿಗೆ, ಗಾಜಿನ ಎದುರಿಗೆ ಹೋಗುತ್ತದೆ.

ಏರ್‌ಬ್ಯಾಗ್ ಸಿಡಿದ ಕಾರು ಬಂದರೆ ಏನು ಮಾಡುತ್ತಾರೆ ಅಂತ ಬೇರೆ ಕೇಳಿದ್ದೀಯ. ಒಳ್ಳೆಯವರು ಹೊಸದು ಹಾಕಿಸುತ್ತಾರೆ. ಉಳಿದವರು ಹರಿದ ಡ್ಯಾಶ್‌ಬೋರ್ಡ್ ಮುಚ್ಚಿ, ಒಳಗಿನ ವೈರಿನ ತುದಿಗೆ ಉಗುರಿನಷ್ಟು ಚಿಕ್ಕ ಒಂದು ಬಿಡಿಭಾಗ ಸಿಕ್ಕಿಸುತ್ತಾರೆ. ಕಾರು ಅದನ್ನೇ ಏರ್‌ಬ್ಯಾಗ್ ಅಂದುಕೊಳ್ಳುತ್ತದೆ, ಮೀಟರಿನ ಪಕ್ಕದ ಕೆಂಪು ದೀಪ ಆರುತ್ತದೆ. ಒಳಗೆ ಬಟಾಬಯಲು. ‘ಉಳಿದವರು’ ಯಾರು ಅಂತ ಕೇಳಬೇಡ.

ನಿಮ್ಮ ಸಂಸ್ಥೆ ಹೋದ ವರ್ಷ ನಮಗೆ ಕೊಟ್ಟ ಮೊದಲ ದರ್ಜೆಯ ಪತ್ರವನ್ನು ಯಜಮಾನರು ಬಾಗಿಲಲ್ಲೇ ನೇತುಹಾಕಿದ್ದಾರೆ. ನೋಡಲು ಬಂದವರು ಬೇರೆ ಯಾರೋ, ಕೆಳಗಿನ ರುಜು ಮಾತ್ರ ನಿನ್ನದು. ನೀನು ನನ್ನ ಮಗಳೆಂದು ಇಲ್ಲಿ ಯಾರಿಗೂ ಹೇಳಿಲ್ಲ. ಆದರೆ ದಿನಾ ಒಳಗೆ ಹೋಗುವಾಗ ಒಂದು ಸಲ ನೋಡಿಯೇ ಹೋಗುತ್ತೇನೆ. ಅಷ್ಟು ಹಕ್ಕಾದರೂ ನನಗಿದೆ.

ನಿನ್ನ
ಅಪ್ಪ

ಫೆಬ್ರವರಿ 19

ಅಪ್ಪಾ,

ಅಕ್ಷರ ಇಷ್ಟು ದಪ್ಪ ಸಾಕಾ? ಗೋಡೆಬರಹದ ಹಾಗೆ ಕಾಣುತ್ತಿದೆ ನನಗೆ.

ನೀನು ಬರೆದದ್ದು ತುಂಬ ಉಪಯೋಗಕ್ಕೆ ಬಂತು. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದು ನಗೆಪಾಟಲಿನ ಕೆಲಸ. ಬರುವ ದಿನವನ್ನು ಮೊದಲೇ ತಿಳಿಸುತ್ತಿದ್ದೆವು. ಅವರು ಮುಂದಿನ ಸಾಲನ್ನು ತೊಳೆದಿಟ್ಟು, ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ಕೈಕುಲುಕಿ ಕಳಿಸುತ್ತಿದ್ದರು. ಹಿಂದಿನ ಶೆಡ್ಡಿಗೆ ಯಾರೂ ಕಾಲಿಟ್ಟವರಲ್ಲ. ನಿಮ್ಮ ಬಾಗಿಲಿನ ಆ ಪತ್ರವೂ ಹಾಗೇ ಬಂದದ್ದು, ಬೇಜಾರು ಮಾಡಿಕೊಳ್ಳಬೇಡ. ಮೇಜಿನ ಮೇಲೆ ಒಂದು ಕಟ್ಟು ತಂದಿಟ್ಟಿದ್ದರು, ರುಜು ಹಾಕಿದೆ. ಈ ವರ್ಷ ಹೊಸ ಕ್ರಮ. ಅದನ್ನು ಯೋಚಿಸಿ ಮುಂದಿಟ್ಟವಳು ನಾನೇ. ಏನೆಂದು ನಿನಗೂ ಹೇಳುವಂತಿಲ್ಲ, ಹೇಳಿದರೆ ಕ್ರಮವೇ ಕೆಟ್ಟುಹೋಗುತ್ತದೆ.

ಇನ್ನು ಆ ಇನ್ನೊಂದು ಮಾತು. ‘ಉಳಿದವರು’ ಯಾರು ಅಂತ ಕೇಳಬೇಡ ಅಂದಿದ್ದೀಯ. ಕೇಳುತ್ತೇನೆ. ನೀನಾ? ಅಮ್ಮ ಇದ್ದಿದ್ದರೆ ಅನ್ನ ಬಡಿಸುವ ಮೊದಲು ಅವಳೇ ಕೇಳುತ್ತಿದ್ದಳು.

ನಿನ್ನ
ಚೂಟಿ

ಮಾರ್ಚ್ 11

ಚೂಟಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲೇ. ಸತ್ತ ಅಮ್ಮನನ್ನು ಎಬ್ಬಿಸಿ ತಂದು ನನ್ನ ಎದುರು ನಿಲ್ಲಿಸುವುದು ಯಾವ ನ್ಯಾಯ?

ಈಗ ಬರೆಯದೆ ಇರಲಾಗುತ್ತಿಲ್ಲ. ಹೋದ ವಾರ ಬೂದು ಬಣ್ಣದ ಒಂದು ಕಾರು ಬಂತು. ಮಾರಲು ತಂದವನು ಅಚ್ಚುಕಟ್ಟಾದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಯಜಮಾನರು ಹೇಳಿದ ಬೆಲೆಗೆ ತಲೆಯಾಡಿಸಿ ಹೊರಟೇಹೋದ. ಹಳೆ ಕಾರು ಮಾರುವಾಗ ಚೌಕಾಸಿ ಮಾಡದ ಪ್ರಾಣಿಯನ್ನು ನಾನು ಕಂಡದ್ದು ಇದೇ ಮೊದಲು. ಕಾರು ಎದುರಿನಿಂದ ಗುದ್ದಿಸಿಕೊಂಡದ್ದು. ಏರ್‌ಬ್ಯಾಗ್ ಎರಡೂ ಸಿಡಿದುಹೋಗಿದ್ದವು. ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡ್ ಬಾಯಿ ಬಿಟ್ಟುಕೊಂಡಿತ್ತು.

“ಹೊಸದು ತರಿಸ್ತೀರಾ?” ಅಂತ ಕೇಳಿದೆ. ಯಜಮಾನರು ಗಾಳಿಯಲ್ಲಿ ಕೈ ಬೀಸಿದರು. ನನ್ನ ಕಿವಿ ಕೆಟ್ಟರೂ ಆ ಕೈಸನ್ನೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಮಾಡಿದೆ. ಅಂಥ ಕೆಲಸಕ್ಕೆ ಬೇರೆಯವರು ಎರಡು ವಾರ ತೆಗೆದುಕೊಳ್ಳುತ್ತಾರೆ. ನಾನು ಮೂರನೇ ದಿನ ಸಂಜೆ ಕೈ ತೊಳೆದುಕೊಂಡೆ. ಹರಿದ ಕಡೆ ಹೊಲಿಗೆಯಿಲ್ಲ, ಗೆರೆಯಿಲ್ಲ, ಬಣ್ಣದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಮಾರಾಟದ ಹುಡುಗನಿಗೆ ನಾವು ಟೈ ಅನ್ನುತ್ತೇವೆ, ಮಲಗುವಾಗಲೂ ಬಿಚ್ಚುವುದಿಲ್ಲವೇನೋ. ಅವನು ಬೆರಳಾಡಿಸಿ ನೋಡಿ, “ಕೈ ಅಂದ್ರೆ ನಿಮ್ದು ಸಾರ್ ಕೈ!” ಅಂತ ಕಿವಿಯಲ್ಲಿ ಕೂಗಿದ. ನಾಚಿಕೆಗೇಡಿನ ವಿಷಯ ಏನೆಂದರೆ, ಖುಷಿಯಾಯಿತು.

ಮರುದಿನವೇ ಕಾರು ಹೋಯಿತು. ಕೊಂಡವಳು ಆಸ್ಪತ್ರೆಯ ನರ್ಸ್. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲವಂತೆ. ಜೊತೆಗೆ ತಾಯಿ ಬಂದಿದ್ದರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮಗಳು ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲು ಚಾಚಲು ಜಾಗ ಸಾಕಾಗುತ್ತದೋ ಅಂತ ಬಗ್ಗಿ ನೋಡಿದಳು. ತಾಯಿ ಎದುರಿನ ಡ್ಯಾಶ್‌ಬೋರ್ಡನ್ನು ಸವರಿ, “ಎಷ್ಟು ಚೊಕ್ಕವಾಗಿ ಇಟ್ಕೊಂಡಿದಾರೆ ನೋಡೇ” ಅಂದರು. ತುಟಿ ನೋಡಿ ತಿಳಿದುಕೊಂಡೆ. ಅವರ ಕೈ ಇದ್ದದ್ದು ಸರಿಯಾಗಿ ಆ ಬಟಾಬಯಲಿನ ಮೇಲೆ.

ಅವತ್ತಿನಿಂದ ಊಟ ಸೇರುತ್ತಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇದೇ. ಹೌದು, ನಾನೇ.

ಅಪ್ಪ

ಮಾರ್ಚ್ 17

ಅಪ್ಪಾ,

ಆ ನರ್ಸ್ ಮನೆ ಎಲ್ಲಿ ಅಂತ ನಿನಗೆ ಗೊತ್ತಾ? ಗೊತ್ತಿದ್ದರೆ ಕೂಡಲೇ ವಿಳಾಸ ಬರೆ. ಯಾಕೆ ಅಂತ ಈಗ ಕೇಳಬೇಡ. ಊಟ ಮಾತ್ರ ಬಿಡಬೇಡ.

ಚೂಟಿ

ಮಾರ್ಚ್ 21

ಚೂಟಿ,

ಮನೆ ಗೊತ್ತು. ನಂಬರ್ ಪ್ಲೇಟ್ ಕೂರಿಸಲು ಹೋಗಿದ್ದೆ. ಆದರೆ ಯಾಕೆ ಅಂತ ಹೇಳದೆ ವಿಳಾಸ ಕೊಡುವುದಿಲ್ಲ. ಅಪ್ಪನ ಕಾಗದವನ್ನು ಸಾಕ್ಷಿಗಿಟ್ಟುಕೊಂಡು ಶೋರೂಮಿಗೆ ಬೀಗ ಹಾಕಿಸುವ ಯೋಚನೆಯೇ? ಇಲ್ಲಿ ಸೀಟು ತೊಳೆಯುವವಳಿದ್ದಾಳೆ, ಬಣ್ಣ ಹೊಡೆಯುವವನಿದ್ದಾನೆ, ಅವರಿಗೆಲ್ಲ ಮನೆ ಮಠ ಇದೆ. ಮನಸ್ಸಿನ ಭಾರ ಇಳಿಸಿಕೊಳ್ಳಲು ಮಗಳಿಗೆ ಬರೆದೆ, ಅಧಿಕಾರಿಗೆ ಅಲ್ಲ.

ಅಪ್ಪ

ಮಾರ್ಚ್ 25

ಅಪ್ಪಾ,

ಆ ಕಾರು ನಮ್ಮದು.

ಹೊಸ ಕ್ರಮ ಅಂದೆನಲ್ಲ, ಅದೇ ಇದು. ದೋಷ ಏನೆಂದು ನಮಗೆ ಮೊದಲೇ ಗೊತ್ತಿರುವ ಕಾರನ್ನು ನಮ್ಮವನೊಬ್ಬ ಸಾಮಾನ್ಯ ಗಿರಾಕಿಯಂತೆ ಹೋಗಿ ಶೋರೂಮಿಗೆ ಮಾರುತ್ತಾನೆ. ಸಿದ್ಧವಾಗಿ ಮುಂದಿನ ಸಾಲಿಗೆ ಬಂದಾಗ ಇನ್ನೊಬ್ಬ ಹೋಗಿ ಅದೇ ಕಾರನ್ನು ಕೊಳ್ಳುತ್ತಾನೆ. ಏನನ್ನು ಸರಿಮಾಡಿದರು, ಏನನ್ನು ಮುಚ್ಚಿದರು, ಕೊಳ್ಳುವವನಿಗೆ ಏನು ಹೇಳಿದರು ಎಂದು ಬಿಚ್ಚಿ ನೋಡುತ್ತೇವೆ. ಯಾವ ಕಾರು ಯಾವ ಶೋರೂಮಿಗೆ ಅನ್ನುವುದು ಮುಖ್ಯಸ್ಥರಿಗೆ ಮಾತ್ರ ಗೊತ್ತು. ನಿನ್ನಲ್ಲಿಗೆ ಬರುತ್ತದೆಂದು ದೇವರಾಣೆ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದದಲ್ಲಿ ಚೌಕಾಸಿ ಮಾಡದ ಮನುಷ್ಯನ ವಿಷಯ ಓದಿದಾಗಲೇ ಅವನು ನಮ್ಮವನೆಂದು ತಿಳಿಯಿತು.

ನಮ್ಮವನು ಕೊಳ್ಳಲು ಹೋದಾಗ ಕಾರು ಮಾರಾಟವಾಗಿತ್ತು. ಇಂಥ ಕೆಲಸಕ್ಕೆ ಶೆಡ್ಡಿನಲ್ಲಿ ಎರಡು ವಾರವಾದರೂ ಬೇಕು ಎಂದು ಲೆಕ್ಕ ಹಾಕಿ ಕೊಟ್ಟವಳು ನಾನು. ನಿನ್ನ ಕೈ ನೋಡುತ್ತಲೇ ಬೆಳೆದವಳು ನಾನು. ಆದರೂ ಎಲ್ಲರ ಕೈಯ ವೇಗಕ್ಕೆ ಲೆಕ್ಕ ಹಾಕಿದೆ, ನಿನ್ನ ಕೈಯ ವೇಗಕ್ಕೆ ಹಾಕಲಿಲ್ಲ.

ಮುಖ್ಯಸ್ಥರನ್ನು ಕೇಳಿದೆ. “ಏಪ್ರಿಲ್ ಕೊನೆಗೆ ವರದಿ ಬರುತ್ತಲ್ಲ, ಆಮೇಲೆ ಆಯಮ್ಮನಿಗೆ ಹೇಳೋಣ. ಈಗ ಬಾಯಿಬಿಟ್ರೆ ಉಳಿದ ಶೋರೂಮ್‌ಗಳೆಲ್ಲ ಎಚ್ಚರ ಆಗ್ತವೆ, ವರ್ಷದ ಶ್ರಮ ನೀರುಪಾಲು” ಅಂದರು. ನಿನಗೆ ವಿಳಾಸ ಕೇಳಿ ಬರೆದ ಮೇಲೂ ಒಂದು ವಾರ ನಾನು ಅವರ ಮಾತಿಗೇ ತಲೆಯಾಡಿಸುತ್ತ ಕೂತಿದ್ದೆ. ಇನ್ನು ಆಗುವುದಿಲ್ಲ. ಆ ಅಮ್ಮ ಡ್ಯಾಶ್‌ಬೋರ್ಡ್ ಸವರಿದ್ದನ್ನು ನೀನು ಯಾಕಾದರೂ ಬರೆದೆಯೋ.

ನೀನೇ ಹೋಗಿ ಹೇಳು. ಕಾರು ಓಡಿಸಬೇಡಿ ಅನ್ನು. ಮುಚ್ಚಿದವನೇ ಹೇಳಿದರೆ ನಂಬುತ್ತಾರೆ. ನನ್ನ ಹೆಸರು ಮಾತ್ರ ತರಬೇಡ, ಅಪ್ಪಾ. ಈ ವಿಷಯ ನನ್ನಿಂದ ಹೊರಗೆ ಹೋಯಿತೆಂದು ತಿಳಿದರೆ ನನ್ನನ್ನು ಇಲ್ಲಿ ಒಂದು ದಿನ ಇಟ್ಟುಕೊಳ್ಳುವುದಿಲ್ಲ.

ಚೂಟಿ

ಮಾರ್ಚ್ 29

ಚೂಟಿ,

ನಿನ್ನ ಕಾಗದ ಓದಿ ಮೊದಲು ನಿನ್ನನ್ನು ಬೈದೆ, ಆಮೇಲೆ ನನ್ನನ್ನು. ಅಪ್ಪ ಹೇಳಿಕೊಟ್ಟ, ಮಗಳು ಬಲೆ ಹೆಣೆದಳು, ಅಪ್ಪನೇ ಹೋಗಿ ಬಿದ್ದ. ಬಿದ್ದದ್ದು ನಾವಿಬ್ಬರೇ ಆಗಿದ್ದರೆ ನಗಬಹುದಿತ್ತು.

ಬೆಳಿಗ್ಗೆಯೇ ಹೋದೆ. ಕಾರು ಮನೆಯೆದುರು ನಿಂತಿತ್ತು, ಮೈ ಒರೆಸಿ ಮುದ್ದಾಗಿ ಇಟ್ಟುಕೊಂಡಿದ್ದಾಳೆ. ಬಾಗಿಲು ತೆರೆದವಳಿಗೆ ನೇರವಾಗಿ ಹೇಳಿದೆ.

“ಆ ಕಾರಲ್ಲಿ ಏರ್‌ಬ್ಯಾಗ್ ಇಲ್ಲಮ್ಮ. ಎರಡೂ ಇಲ್ಲ. ಮುಚ್ಚಿದ್ದು ನಾನೇ.”

“ಇಲ್ದಿದ್ರೆ ಕೆಂಪು ದೀಪ ಹತ್ತುತ್ತೆ ಅಂತ ಶೋರೂಮ್ನೋರೇ ತೋರ್ಸಿದ್ರಲ್ಲ? ಹತ್ತೇ ಇಲ್ಲ.”

ದೀಪ ಯಾಕೆ ಹತ್ತುವುದಿಲ್ಲ ಅಂತ ವಿವರಿಸಿದೆ. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ, ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅವಳು ಒಳಗೆ ಹೋಗಿ ಟೈಗೆ ಫೋನು ಮಾಡಿ ಬಂದಳು. ಹಿಂತಿರುಗಿದಾಗ ಮುಖವೇ ಬೇರೆ. ನನ್ನ ಎಡಗಿವಿಯ ಹತ್ತಿರ ಬಗ್ಗಿ, ರೋಗಿಗೆ ಹೇಳುವ ಹಾಗೆ ಹೇಳಿದಳು.

“ಅಜ್ಜಾ, ನಿಮ್ಮನ್ನ ಕೆಲಸದಿಂದ ತೆಗೆದುಬಿಟ್ಟಿದಾರಂತಲ್ಲ. ಬೇಜಾರಾಗುತ್ತೆ, ನಂಗೂ ಅರ್ಥ ಆಗುತ್ತೆ. ಹಾಗಂತ ಸೇಡಿಗೆ ಹೀಗೆಲ್ಲ ಸುಳ್ಳು ಹೇಳ್ಬಾರ್ದು.”

ನನ್ನನ್ನು ಕೆಲಸದಿಂದ ತೆಗೆದದ್ದು ನನಗೆ ತಿಳಿದದ್ದೇ ಹೀಗೆ.

ಒಂದು ಸ್ಕ್ರೂಡ್ರೈವರ್ ಕೊಡಮ್ಮ, ಇಲ್ಲೇ ಬಿಚ್ಚಿ ತೋರಿಸುತ್ತೇನೆ ಅಂದೆ. ಕಾರಿಗೆ ಕೈ ಹಚ್ಚಬೇಡಿ ಅಂತ ಅಡ್ಡ ನಿಂತಳು. ಆಮೇಲೆ ಕಾರಿನ ಕಾಗದಪತ್ರ ತಂದು ನನ್ನ ಕಣ್ಣೆದುರು ಹಿಡಿದಳು. ಕೊಳ್ಳುವವರಿಗೆಲ್ಲ ಬಾಗಿಲಿನ ಆ ಮೊದಲ ದರ್ಜೆಯ ಪತ್ರದ ಒಂದು ಪ್ರತಿ ಕೊಡುತ್ತಾರೆ.

“ಇಲ್ನೋಡಿ. ಪರೀಕ್ಷೆ ಮಾಡಿ ರುಜು ಹಾಕಿದಾರೆ. ಇವ್ರಿಗೆ ಸುಳ್ಳು ಹೇಳಿ ಏನಾಗ್ಬೇಕು? ನಿಮ್ಮನ್ನ ನಂಬ್ಲಾ, ಇವ್ರನ್ನ ನಂಬ್ಲಾ?”

ಅವಳ ಬೆರಳು ನಿನ್ನ ರುಜುವಿನ ಮೇಲಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೆಸರು ತರಬೇಡ ಅಂತ ನೀನು ಬರೆದಿದ್ದೆ. ತರಲಿಲ್ಲ.

ತಾಯಿ ಒಂದು ಲೋಟ ನೀರು ತಂದು ಕೊಟ್ಟರು. “ಬಿಸಿಲಲ್ಲಿ ಬಂದಿದಾರೆ ಪಾಪ, ಕೂಗಾಡ್ಬೇಡ್ವೇ” ಅಂತ ಮಗಳನ್ನೇ ಗದರಿದರು. ಲೋಟವನ್ನು ಹಾಗೇ ವಾಪಸು ಕೊಟ್ಟೆ. ಅಕ್ಕಪಕ್ಕದವರು ಒಳಗೆ ಹೋದಮೇಲೆ ಯಾರೂ ನೋಡದಂತೆ ಹಿಂದಿನ ಎರಡೂ ಟೈರಿನ ಗಾಳಿ ಬಿಟ್ಟು ಬಂದೆ. ಸಂಜೆ ಆ ಕಡೆ ಹಾದರೆ ತುಂಬಿಸಿಕೊಂಡಿದ್ದಳು. ಇಂಥ ಮಂಗನಾಟ ಎಷ್ಟು ದಿನ ನಡೆದೀತು?

ನಿನ್ನ ಹೆಸರು ಹೇಳಿದರೆ ನಂಬುತ್ತಾಳೆ. ನೀನು ನನಗೆ ಬರೆದ ಕಾಗದ ತೋರಿಸಿದರೆ ಆ ಗಳಿಗೆಯಲ್ಲೇ ಕೀಲಿ ಬೀರುವಿಗೆ ಹೋಗುತ್ತದೆ. ಹೇಳಲಾ? ಒಂದೇ ಮಾತು ಬರೆ.

ಅಪ್ಪ

ಏಪ್ರಿಲ್ 1

ಅಪ್ಪಾ,

ನಿನ್ನ ಕೆಲಸ ಹೋಯಿತೆಂದು ಓದಿ ಅತ್ತೆ. ನೀನು ಸುಮ್ಮನೆ ಇಲ್ಲಿಗೆ ಬಂದುಬಿಡು, ನನ್ನ ಜೊತೆ ಇರು.

ಹೆಸರು ಮಾತ್ರ ಈಗಲೇ ಬೇಡ. ಹನ್ನೊಂದಕ್ಕೆ ವರದಿ ನನ್ನ ಕೈಬಿಟ್ಟು ಅಚ್ಚಿಗೆ ಹೋಗುತ್ತದೆ. ಹನ್ನೆರಡಕ್ಕೆ ನಾನೇ ಹೊರಟು ಬರುತ್ತೇನೆ. ಅವರ ಮನೆಗೆ ಹೋಗಿ, ಯಾವ ಬೆಲೆ ಹೇಳಿದರೂ ಕೊಟ್ಟು ಆ ಕಾರನ್ನು ವಾಪಸು ಕೊಳ್ಳುತ್ತೇನೆ. ಯಾರಿಗೂ ಏನನ್ನೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿಯವರೆಗೆ ತಡೆದುಕೋ. ಇಷ್ಟು ದಿನ ಏನೂ ಆಗಿಲ್ಲ, ಇನ್ನು ಹತ್ತು ದಿನದಲ್ಲಿ ಏನಾಗುತ್ತದೆ? ಅವಳು ನಿಧಾನವಾಗಿಯೇ ಓಡಿಸುತ್ತಿರಬೇಕು, ಹೊಸದಾಗಿ ಕೊಂಡವರು ಹಾಗೇ ಅಲ್ಲವೇ.

ಬಾಯಿಮುಚ್ಚಿಕೊಂಡಿರು ಅಂತ ಅಪ್ಪನಿಗೇ ಬರೆಯಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ಚೂಟಿ

ಏಪ್ರಿಲ್ 6

ಮಗಳೇ,

ನಿನ್ನ ಕಾಗದ ನಿನ್ನೆ ಬೆಳಿಗ್ಗೆ ಕೈಸೇರಿತು. ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಸರಿ, ಇನ್ನೊಂದು ವಾರ ತಾನೆ ಅಂದುಕೊಂಡೆ. ನಾನೂ ಅಂದುಕೊಂಡೆ, ನೀನೊಬ್ಬಳೇ ಅಲ್ಲ.

ಮಧ್ಯಾಹ್ನ ಆ ಹುಡುಗಿ ತಾಯಿಯ ಕಣ್ಣು ತೋರಿಸಿಕೊಂಡು ವಾಪಸು ಬರುತ್ತಿದ್ದಳಂತೆ. ಮುಂದೆ ಹೋಗುತ್ತಿದ್ದ ಲಾರಿ ತಟ್ಟನೆ ನಿಂತಿತು, ಇವಳ ಕಾರು ಹೋಗಿ ಗುದ್ದಿತು. ಕಾರನ್ನು ರಸ್ತೆ ಬದಿಗೆ ಎಳೆದಿಟ್ಟಿದ್ದಾರೆ, ಹೋಗಿ ನೋಡಿದೆ. ದೊಡ್ಡ ಪೆಟ್ಟಲ್ಲ. ಬಾನೆಟ್ ನೋಡಿದರೆ ನನಗೆ ಎರಡು ದಿನದ ಕೆಲಸ. ಇಳಿದು ಲಾರಿಯವನಿಗೆ ನಾಲ್ಕು ಬೈದು ಮನೆಗೆ ಹೋಗುವಂಥ ಪೆಟ್ಟು. ಇಬ್ಬರೂ ಬೆಲ್ಟ್ ಹಾಕಿಕೊಂಡಿದ್ದರು. ಹುಡುಗಿಗೆ ಕೈ ಮುರಿದಿದೆ, ಮುಖ ಒಡೆದಿದೆ. ತಾಯಿ ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ. ನಾನು ಕೂರಿಸಿದ್ದ ಡ್ಯಾಶ್‌ಬೋರ್ಡ್ ಒಡೆದು ಬಿದ್ದಿದೆ, ಒಳಗಿನ ಖಾಲಿ ದಾರಿಹೋಕರಿಗೆಲ್ಲ ಕಾಣುತ್ತಿದೆ.

ಹನ್ನೆರಡನೇ ತಾರೀಕಿನವರೆಗೆ ಕಾಯಬೇಡ. ಬಂದರೆ ಮನೆಗಲ್ಲ, ನೇರವಾಗಿ ಪೊಲೀಸ್ ಠಾಣೆಗೆ ಬಾ. ಇದನ್ನು ಡಬ್ಬಿಗೆ ಹಾಕಿ ನಾನು ಅಲ್ಲಿಗೇ ಹೋಗುತ್ತಿದ್ದೇನೆ. ಅಲ್ಲಿ ಕಾಲಿಡುವ ಮೊದಲು ಒಂದು ವಿಷಯ ನಿನಗೆ ಗೊತ್ತಿರಬೇಕು.

ನಿನ್ನೆ ಸಂಜೆ ಆಸ್ಪತ್ರೆಗೆ ಹೋದೆ. ತಾನು ಕೆಲಸ ಮಾಡುವ ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕೂತಿದ್ದಳು, ಕೈಗೆ ಪಟ್ಟಿ, ಜೊತೆಯವಳೊಬ್ಬಳು ಪಕ್ಕದಲ್ಲಿ. ನನ್ನನ್ನು ನೋಡಿ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಬೆಂಚಿನ ತುದಿಗೆ ಕೂತಾಗ ಎದ್ದು ನನ್ನ ಎಡಗಡೆಗೆ ಬಂದು ಕೂತಳು. ಆ ಹೊತ್ತಿನಲ್ಲೂ ನನಗೆ ಯಾವ ಕಿವಿ ಕೇಳಿಸುತ್ತದೆ ಅನ್ನುವುದನ್ನು ಅವಳು ಮರೆತಿರಲಿಲ್ಲ.

“ಅವತ್ತು ನೀವು ಹೇಳಿದ್ದು ನಿಜ.”

“ನಿಜ ಕಣಮ್ಮ.”

“ಮತ್ತೆ ಆ ರುಜು?”

ನಿನ್ನ ಕಾಗದ ಜೇಬಿನಲ್ಲೇ ಇತ್ತು. “ಅದು ನನ್ನ ಮಗಳದು” ಅಂದೆ. ಅವತ್ತು ಅವಳ ಬಾಗಿಲಲ್ಲಿ ಹೇಳಿದ್ದರೆ ಸಾಕಾಗಿದ್ದ ಮಾತು.

ಅವಳು ಕೈಯ ಪಟ್ಟಿಯನ್ನು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು. “ಕಾರಲ್ಲಿ ಏನೂ ಇಲ್ಲ ಅಂತ ಅವ್ರಿಗೂ ಗೊತ್ತಿತ್ತಾ?”

ಕೇಳಿಸದವನ ಹಾಗೆ ಕೂತುಬಿಡಬಹುದಾಗಿತ್ತು. ಕಿವುಡ ಮುದುಕ, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವನು ನಾನು, ನಿನಗಾಗಿ ಅಷ್ಟು ಮಾಡುವುದು ನನಗೆ ಕಷ್ಟವೇನೂ ಆಗಿರಲಿಲ್ಲ. ಅವಳು ಇನ್ನೊಂದು ಸಲ ಕೇಳುತ್ತಲೂ ಇರಲಿಲ್ಲ.

ಗೊತ್ತಿತ್ತು ಅಂದೆ.

ನಿನ್ನ
ಅಪ್ಪ